ಎರಡು ಬುತ್ತಿಯ ದಾರಿ, ಪಾರಿವಾಳದ ಹೊತ್ತು

ನಮ್ಮ ಅವ್ವ ದಾರಿಯನ್ನು ಹರದಾರಿಯಲ್ಲಿ ಅಳೆದವಳಲ್ಲ, ಬುತ್ತಿಯಲ್ಲಿ ಅಳೆಯುತ್ತಿದ್ದಳು. ಬೈಲಹೊಂಗಲದಿಂದ ಮುನವಳ್ಳಿಗೆ ಒಂದು ಬುತ್ತಿ. ರಾಮದುರ್ಗಕ್ಕೆ ಎರಡು: ಸವದತ್ತಿ ಮುಟ್ಟುವ ತನಕ ಒಂದು, ಮರುದಿನಕ್ಕೆ ಇನ್ನೊಂದು. ಒಂದು ಬುತ್ತಿ ದಾಟಿದ ಊರಿಗೆ ಮಗಳನ್ನು ಕೊಡುವುದಿಲ್ಲವೆಂಬುದು ಅವಳ ಹಟ. ರಾಮದುರ್ಗದ ಸೋದರತ್ತೆ ತನ್ನ ಮಗನಿಗೆ ನನ್ನನ್ನು ಕೇಳಲು ಬಂದಾಗ ಆ ಹಟಕ್ಕೆ ಸಿಕ್ಕಿಬಿದ್ದವಳು ನಾನು. ಅತ್ತೆಯ ಮಗ ನನ್ನ ಮನಸ್ಸಿಗೆ ಬಂದಿದ್ದ. ಆಗ ಹಾಗೆಲ್ಲ ಬಾಯಿ ಬಿಡುವಂತಿರಲಿಲ್ಲ. ಈಗ ಹೇಳಿದರೆ ಯಾರೇನು ಮಾಡುತ್ತಾರೆ!

ಅಪ್ಪ ಹತ್ತಿ ವ್ಯಾಪಾರಿ. ಧಾರವಾಡಕ್ಕೆ ಹೋದಾಗ ಹಳೆಯ ಪತ್ರಿಕೆ ತರುತ್ತಿದ್ದ. ಯಾವುದೋ ದೇಶದಲ್ಲಿ ಮನುಷ್ಯರು ಯಂತ್ರದೊಳಗೆ ಕುಳಿತು ಹಾರಿದರೆಂಬ ಸುದ್ದಿ ಒಮ್ಮೆ ಅದರಲ್ಲಿತ್ತು. ಅಪ್ಪನಿಗೆ ಹುಚ್ಚು ಹಿಡಿಯಿತು. ಗುಡ್ಡ ಬಳಸದೆ, ಹೊಳೆಯ ದಂಡೆಯಲ್ಲಿ ಕಾಯದೆ, ಗಾಳಿಯಲ್ಲಿ ನೆಟ್ಟಗೆ ಹೋದರೆ ರಾಮದುರ್ಗಕ್ಕೆ ಎಷ್ಟು ಹೊತ್ತು? ಉಣ್ಣುವಾಗಲೂ ಅದೇ ಮಾತು.

“ಪುರಾಣದಾಗ ಪುಷ್ಪಕ ವಿಮಾನನೂ ಐತಿ,” ಎಂದಳು ಅವ್ವ. “ಅದನ್ನ ನಂಬಿ ಮಗಳನ್ನ ಕೊಡ್ಲೇನ್ರಿ?”

ಅತ್ತೆಯ ಮನೆಯಲ್ಲಿ ಪಾರಿವಾಳ ಸಾಕಿದ್ದರು; ಎಲ್ಲಿ ಬಿಟ್ಟರೂ ಅವು ಹುಟ್ಟಿದ ಗೂಡಿಗೇ ಹಾರಿ ಬರುತ್ತಿದ್ದವು. ಮುಂದಿನ ಸಲ ಬರುವಾಗ ಒಂದನ್ನು ತರಲು ಅಪ್ಪ ಹೇಳಿಕಳಿಸಿದ. ಅತ್ತೆ ಬುಟ್ಟಿಯಲ್ಲಿ ತಂದಳು. ಹೊತ್ತು ಮೂಡುವಾಗ ನಾವೆಲ್ಲ ಮಾಳಿಗೆ ಏರಿ ಅದನ್ನು ಬಿಟ್ಟೆವು. ಒಂದು ಸುತ್ತು ಹಾಕಿ ಮೂಡಲ ದಿಕ್ಕಿಗೆ ಹಾರಿತು. ಕಣ್ಣಿಗೆ ಕಾಣದಾದ ಮೇಲೂ ನಾವು ಕತ್ತು ಎತ್ತಿಕೊಂಡೇ ನಿಂತಿದ್ದೆವು. ಮೊದಲು ನಕ್ಕವಳು ಅವ್ವ.

“ಅದು ಮುಟ್ಟಿದ್ದು ನಮಗ ಹೆಂಗ ತಿಳೀತೈತ್ರಿ? ಸುದ್ದಿ ಹೇಳಾಕ ಮತ್ತ ಬಂಡಿನ ಬರಬೇಕಲ್ಲ!”

ಇಷ್ಟು ಓದಿದ ಅಪ್ಪನಿಗೆ ಅಷ್ಟು ಹೊಳೆದಿರಲಿಲ್ಲ. ಮುಂದಿನ ವಾರ ಆ ಕಡೆಯಿಂದ ಬಂದ ಬಂಡಿಯವನು ಹೇಳಿದ: ಅವತ್ತು ಬೆಳಗಿನ ರೊಟ್ಟಿ ಬಡಿದು ಮುಗಿಯುವ ಮೊದಲೇ ಹಕ್ಕಿ ಗೂಡಿನಲ್ಲಿತ್ತಂತೆ. ಅಪ್ಪ ಕುಣಿದಾಡಿದ. ಅವ್ವ ಮಾತ್ರ ಕರಗಲಿಲ್ಲ. “ಹಕ್ಕಿ ಹೋದ್ರ ನನಗೇನು? ಅಲ್ಲಿ ನನ್ನ ಮಗಳು ಜ್ವರ ಬಂದು ಮಲಗಿದ್ರ ನನಗ ಯಾವಾಗ ಗೊತ್ತಾಗೂದು?”

ಎಲ್ಲಿಂದ ಧೈರ್ಯ ಬಂತೋ, ನಾನು ನಡುವೆ ಬಾಯಿ ಹಾಕಿದೆ. “ಅವ್ವ, ನಮ್ಮ ಮನ್ಯಾಗ ಹುಟ್ಟಿದ ಹಕ್ಕಿ ನಾ ಒಯ್ದ್ರ? ಅಲ್ಲಿ ಬಿಟ್ರ ಅದು ನಿನ್ನ ಕಡೆನ ಬರತೈತಿ.”

ಅವ್ವ ನನ್ನ ಮುಖ ನೋಡಿ, “ಹಂಗಾದ್ರ ಆಗ್ಲಿ,” ಎಂದಳು. ನನ್ನ ಮನಸ್ಸು ಅವಳಿಗೆ ತಿಳಿದದ್ದು ಆಗಲೇ ಇರಬೇಕು.

ಅತ್ತೆ ಒಂದು ಜೋಡಿ ಕೊಟ್ಟಳು. ಅವು ನಮ್ಮ ಮನೆಯಲ್ಲಿ ಮರಿ ಮಾಡಿ, ಆ ಮರಿಗಳು ಬಲಿತ ಮೇಲೆ ನನ್ನ ಮದುವೆಯಾಯಿತು. ರಾಮದುರ್ಗ ಮುಟ್ಟಿದ ಮರುದಿನ ಒಂದು ಹಕ್ಕಿಯನ್ನು ಬಿಟ್ಟೆ. ಅವತ್ತು ಅವ್ವ ಅದಕ್ಕೆ ಜೋಳ ಹಾಕಿ ಆಮೇಲೆ ತಾನು ಉಂಡಳಂತೆ. ಮೊದಲ ಸಲ ತವರಿಗೆ ಬಂದಾಗ ನಾನೂ ಅತ್ತೆಯ ಮನೆಯ ಹಕ್ಕಿಯೊಂದನ್ನು ತಂದು ಅವಳ ಹತ್ತಿರ ಬಿಟ್ಟುಬಂದೆ. “ನಿನಗ ಏನರ ಆದ್ರ ಇದನ್ನ ಹಾರಿಸವಾ, ನಾ ಓಡಿ ಬರತೇನಿ,” ಎಂದು ಹೇಳಿದ್ದೆ.

ಮುಂದಿನ ಪಂಚಮಿಗೆ ಹೋದರೆ ಅವ್ವ ಅರ್ಧ ಆಗಿದ್ದಳು. ತಿಂಗಳುಗಟ್ಟಲೆ ಜ್ವರ, ಉಳಿಯುವ ಆಸೆಯೇ ಇರಲಿಲ್ಲವೆಂದ ಅಪ್ಪ. ಹಕ್ಕಿ ಮಾತ್ರ ಮೂಲೆಯ ಬುಟ್ಟಿಯಲ್ಲಿ ಜೋಳ ತಿಂದು ಕೊಬ್ಬಿತ್ತು. ನನಗೆ ಅಳುವೂ ಬಂತು, ಸಿಟ್ಟೂ ಬಂತು.

“ಯಾಕ ಹಾರಿಸಲಿಲ್ಲ?” ಎಂದು ಜಗಳಕ್ಕೇ ನಿಂತೆ.

ಅವ್ವ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

“ಹಕ್ಕಿ ಏನು, ರೊಟ್ಟಿ ಬಡಿಯೂದರಾಗ ಬಂದು ಮುಟ್ಟತಿತ್ತು. ನೀ ಬರೂದು ಬಂಡ್ಯಾಗ ಅಲ್ಲೇನವಾ? ಆ ಎರಡು ಬುತ್ತಿ ನಿನ್ನ ಗಂಟಲದಾಗ ಹೆಂಗ ಇಳೀತಿದ್ದುವು?”