ಮಾಮಾ ಟೆಂಪಿಯ ಫಲಕ ದಾರಿ ತಪ್ಪಿದ ಕಥೆ

ಟಿಲ್ಲರಿ ಕೌಂಟಿಯಲ್ಲಿ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಓಜೆಲ್ಲಾ ಟಗಲ್ ಹೇಳುವ ದಾರಿಯಲ್ಲಿ ಬರುವ ಗುರುತುಗಳೆಲ್ಲ ಎಂದೋ ಇಲ್ಲವಾದವು. ಆ ಕಡೆಯವರೆಲ್ಲ ಹಾಗೇ ಹೇಳುತ್ತಾರೆ, ಹಾಗೆ ಹೇಳಿದರೇ ಅವರಿಗೆ ಅರ್ಥವಾಗುತ್ತದೆ.

ಪ್ರತಿ ಏಪ್ರಿಲ್‌ನಲ್ಲೂ ಓಜೆಲ್ಲಾ ಬಕೆಟ್ಟು, ಬ್ರಷ್ಷು ಹಿಡಿದು ಹೊರಡುತ್ತಿದ್ದಳು. ಕೌಂಟಿಯ ರಸ್ತೆ ಬದಿಯಲ್ಲಿ ನಿಂತಿದ್ದ ಒಂಬತ್ತು ಇತಿಹಾಸ ಫಲಕಗಳನ್ನು ತೊಳೆಯುವವರು ಬೇರೆ ಯಾರೂ ಇರಲಿಲ್ಲ. ಏಳರಲ್ಲಿ ಸೈನ್ಯಾಧಿಕಾರಿಗಳು, ಒಂದರಲ್ಲಿ ಸೇತುವೆ, ಒಂಬತ್ತನೆಯದರಲ್ಲಿ ಒಬ್ಬ ಜನರಲ್‌ನ ಕುದುರೆ. ಅದು ಅಲ್ಲಿ ನೀರು ಕುಡಿದಿತ್ತಂತೆ.

"ಕುದ್ರೆ ನೀರು ಕುಡಿದಿದ್ದಕ್ಕೆ ಫಲಕ! ಸಾವಿರದ ಇನ್ನೂರು ಮಕ್ಕಳನ್ನ ಹೆರಿಗೆ ಮಾಡಿಸಿದ ನಮ್ಮಜ್ಜಿಗೆ ಏನೂ ಇಲ್ಲ!" ಎಂದು ಫಲಕ ಉಜ್ಜುತ್ತಲೇ ಅವಳು ಕುದುರೆಯನ್ನು ಬೈಯುತ್ತಿದ್ದಳು.

ಅಜ್ಜಿ ಎಂದರೆ ಊರೆಲ್ಲ 'ಮಾಮಾ', ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದ ಸೂಲಗಿತ್ತಿ ಟೆಂಪಿ. ಕರಿಯರ ಮನೆ, ಬಿಳಿಯರ ಮನೆ ಎನ್ನದೆ ಹೇಸರಗತ್ತೆ ಏರಿ ಹೋದವಳು. ಹನ್ನೊಂದು ವರ್ಷ ಓಜೆಲ್ಲಾ ರಾಜಧಾನಿಯ ಕಚೇರಿಗೆ ಕಾಗದ ಬರೆದು ಬರೆದು ಅವರ ತಲೆ ತಿಂದಳು. ಕೊನೆಗೆ ಫಲಕ ಮಂಜೂರಾಯಿತು. ಆ ವಾರವೇ ಭಾನುವಾರ ಚರ್ಚಿನ ಹೋಮ್‌ಕಮಿಂಗ್. ಡೆಟ್ರಾಯಿಟ್‌ನಿಂದ, ಷಿಕಾಗೋದಿಂದ ನೆಂಟರೆಲ್ಲ ಊರಿಗೆ ಬರುವ ದಿನ. ಅಜ್ಜಿಯ ಮನೆಯಲ್ಲಿ ಈಗ ಉಳಿದಿರುವುದು ಹೊಗೆಗೂಡು ಮಾತ್ರ. ಅದರೆದುರು ಎಲ್ಲರ ಕಣ್ಣಮುಂದೆ ಫಲಕ ನಿಲ್ಲಬೇಕು ಎಂಬುದೊಂದೇ ಅವಳ ಆಸೆ.

ಗುರುವಾರ ಫಲಕ ನೆಡುವವನು ಫೋನು ಮಾಡಿ ದಾರಿ ಕೇಳಿದ. ಅವನು ಪಟ್ಟಣದವನು.

"ಸುಟ್ಟುಹೋದ ಹತ್ತಿ ಜಿನ್ನಿಂಗ್ ಮಿಲ್ಲಿನ ಹತ್ರ ಎಡಕ್ಕೆ ತಿರುಗು ಮಗಾ. ಪಿಕೆಟ್ ಅಂಗಡಿ ಇತ್ತಲ್ಲ, ಅದನ್ನ ದಾಟು. ಆಮೇಲೆ ದೊಡ್ಡ ಓಕ್ ಮರ ಬಿದ್ದಿರೋ ಜಾಗ. ಅಲ್ಲೇ!"

ಮಿಲ್ಲು ಸುಟ್ಟು ಐವತ್ತು ವರ್ಷ. ಅಂಗಡಿಯ ಜಾಗದಲ್ಲಿ ಪೈನ್ ತೋಪು ಬೆಳೆದಿದೆ. ಓಕ್ ಬಿದ್ದಾಗ ಓಜೆಲ್ಲಾಗೆ ಇನ್ನೂ ಹಾಲುಹಲ್ಲು. ಪಾಪ, ಹುಡುಗ ಅರ್ಧ ದಿನ ಸುತ್ತಿದ. ಹೋದ ವಾರದ ಗಾಳಿಗೆ ಉರುಳಿದ ದೊಡ್ಡ ಓಕ್ ಒಂದು ಕಂಡಿತು. ಅದರ ಪಕ್ಕ ಗುಂಡಿ ತೋಡಿ, ಕಾಂಕ್ರೀಟು ಸುರಿದು, ಫಲಕ ನಿಲ್ಲಿಸಿ ಹೊರಟುಹೋದ.

ಅದು ಲೆಮ್ಯುಯೆಲ್ ಸ್ಟ್ರಿಪ್ಲಿಂಗ್‌ನ ಗೇಟು! ಓಜೆಲ್ಲಾಳ ಬಸ್ಸು ಮೂರು ಸಲ ತನ್ನ ಗೇಟಿನ ಅಂಚೆ ಡಬ್ಬಿ ಉರುಳಿಸಿತೆಂದು ಮೂರು ಸಲವೂ ಶಾಲಾ ಮಂಡಳಿಗೆ ದೂರು ಕೊಟ್ಟ ಬಿಳಿಯ ಮುದುಕ.

ಶುಕ್ರವಾರ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಓಜೆಲ್ಲಾಳ ಸಿಟ್ಟು ನೆತ್ತಿಗೇರಿತು. ಪಿಕಪ್ಪಿಗೆ ಸರಪಳಿ ಎಸೆದುಕೊಂಡು ಹೊರಟಳು. ಹೋಗಿ ನೋಡಿದರೆ ಫಲಕದ ಮೇಲೆ ಹಳೆಯ ಕೌದಿ ಹೊದಿಸಿ, ಬಟ್ಟೆ ಕ್ಲಿಪ್ಪು ಸಿಕ್ಕಿಸಿದೆ.

"ಮುಚ್ಚಿಟ್ಟಿದೀರಾ ಮಿಸ್ಟರ್ ಲೆಮ್? ನಮ್ಮಜ್ಜಿ ಹೆಸರು ನಿಮ್ಮ ಗೇಟಲ್ಲಿ ಕಂಡ್ರೆ ಕಣ್ಣಿಗೆ ಚುಚ್ಚುತ್ತಾ?"

"ಭಾನುವಾರ ನೀವೇ ತೆಗೀಲಿ ಅಂತ ಮುಚ್ಚಿದೆ, ಮಿಸ್ ಓಜೆಲ್ಲಾ," ಎಂದ ಅವನು ಜಗಲಿಯಿಂದ. "ಸ್ವಲ್ಪ ಕೇಳಿ ಇಲ್ಲಿ..."

ಕೇಳುವ ವ್ಯವಧಾನ ಯಾರಿಗಿದೆ? ಕಂಬಕ್ಕೆ ಸರಪಳಿ ಬಿಗಿದು ಗಾಡಿ ಎಳೆದಳು. ಕಂಬ ಮಿಸುಕಲಿಲ್ಲ. ಸರಪಳಿ ತುಂಡಾಗಿ, ಗಾಡಿ ಮುಂದಕ್ಕೆ ಜಿಗಿದು, ಅಂಚೆ ಡಬ್ಬಿ ದಢಾರನೆ ನೆಲ ಕಚ್ಚಿತು.

"ನಾಲ್ಕು!" ಎಂದು ಕೂಗಿದ ಲೆಮ್.

ಓಜೆಲ್ಲಾ ಸ್ಟಿಯರಿಂಗಿಗೆ ಹಣೆ ಒತ್ತಿ ನಗತೊಡಗಿದಳು. ಅವನೂ ಮೊಳಕಾಲು ಬಡಿದುಕೊಂಡು ನಕ್ಕ. ಹೊಟ್ಟೆ ಹುಣ್ಣಾಗುವಷ್ಟು ನಕ್ಕ ಮೇಲೆ ಅವನು ಕಣ್ಣೊರೆಸಿಕೊಂಡು ಹೇಳಿದ:

"ನಾನು ಹುಟ್ಟಿದ್ದು ಈ ಮನೇಲಿ. ಉಸಿರೇ ಇರ್ಲಿಲ್ವಂತೆ. ನಿಮ್ಮಜ್ಜಿ ಬಾಯಿಗೆ ಬಾಯಿಟ್ಟು ಊದಿ ಊದಿ ಅಳಿಸಿದ್ರಂತೆ. ಅವರನ್ನ ಅಡುಗೆಮನೆ ಬಾಗಿಲಿಂದ ಒಳಗೆ ಕರೆದ್ರು, ಅದೇ ಬಾಗಿಲಿಂದ ಕಳಿಸಿದ್ರು. ಊಟಾನೂ ಮೆಟ್ಟಿಲ ಮೇಲೇ ಕೊಟ್ಟಿದ್ದು. ಅಮ್ಮ ಸಾಯೋ ಮುಂಚೆ ಹೇಳಿದ್ಲು. ನಾನು ಯಾರಿಗೂ ಹೇಳಿರ್ಲಿಲ್ಲ. ನಾಚಿಕೆ."

ಓಜೆಲ್ಲಾಳ ನಗು ನಿಂತಿತು. ದುಃಖವೂ ಆಯಿತು, ಕೋಪವೂ ಬಂತು. ಆ ಹೊಗೆಗೂಡಿನ ಮನೆಯಲ್ಲಿ ಅಜ್ಜಿ ಎಷ್ಟು ದಿನ ಇದ್ದಳು? ಜೀವಮಾನವೆಲ್ಲ ಇಂಥ ಹಿತ್ತಿಲ ಬಾಗಿಲುಗಳಲ್ಲೇ ಕಳೆದಳು. ಈಗ ನೋಡಿದರೆ ಸ್ಟ್ರಿಪ್ಲಿಂಗರ ಮುಂಗೇಟಿನಲ್ಲಿ ಎದೆ ಸೆಟೆದು ನಿಂತಿದ್ದಾಳೆ.

"ಇರ್ಲಿ ಬಿಡಿ ಇಲ್ಲೇ," ಎಂದಳು ಗಾಡಿಯಿಂದ ಇಳಿದು. "ಆದ್ರೆ ಭಾನುವಾರ ಇನ್ನೂರು ಜನ ಬರ್ತಾರೆ. ಗಾಡಿಗಳೆಲ್ಲ ನಿಮ್ಮ ಹುಲ್ಲಿನ ಮೇಲೇ ನಿಲ್ಲೋದು. ಊಟ ನಿಮ್ಮ ಊಟದ ಮೇಜಲ್ಲೇ. ಎಲ್ಲರೂ ಮುಂಬಾಗಿಲಿಂದಲೇ ಒಳಗೆ ಬರೋದು. ಆಗುತ್ತಾ?"

"ಆಗುತ್ತೆ, ಮಿಸ್ ಓಜೆಲ್ಲಾ."

ಭಾನುವಾರ ಕೌದಿ ತೆಗೆದಳು. ಚಪ್ಪಾಳೆಗೆ ನಾಯಿಗಳು ಹೆದರಿ ಓಡಿದವು. ಟೋಪಿ ತೊಟ್ಟ ಅತ್ತೆಯಂದಿರು ಕರಿದ ಕೋಳಿ, ಗೆಣಸಿನ ಪೈ ಹೊತ್ತು ಮುಂಬಾಗಿಲಲ್ಲಿ ಸಾಲುಗಟ್ಟಿದರು. ಬಾತ್‌ರೂಮಿನ ನೆಪ ಹೇಳಿ ಚಿಕ್ಕಮ್ಮ ಒಬ್ಬಳು ಸುಮ್ಮನೆ ಮಜಾ ಅನ್ನಿಸಿ ಆ ಬಾಗಿಲಿಂದ ನಾಲ್ಕು ಸಲ ಹೋಗಿ ಬಂದಳು. ಲೆಮ್ ಬಾಗಿಲು ಹಿಡಿದು ನಿಂತೇ ಇದ್ದ.

ಓಜೆಲ್ಲಾ ನೀರು ಕುಡಿಯಲು ಅಡುಗೆಮನೆಗೆ ಹೋದಳು. ಅಜ್ಜಿ ಅಂದು ಬಂದು ಹೋದ ಹಿತ್ತಿಲ ಬಾಗಿಲಿಗೆ ಅಡ್ಡಲಾಗಿ ಹಲಗೆ ಬಡಿದಿತ್ತು. ಮೊಳೆಗಳು ಹೊಸವು. ಒಂದೊಂದನ್ನೂ ಬೆರಳಿನಿಂದ ಮುಟ್ಟಿ ನೋಡಿ, ಲೋಟ ತೊಳೆದಿಟ್ಟು, ಮುಂಬಾಗಿಲ ಕಡೆಗೆ ನಡೆದಳು.