ಪ್ರೊಸೆಸರಿಗೆ ಅರ ಹಾಕಲು ಹೋದದ್ದು

ಹೊಸೂರಿನ ಕಂಪ್ಯೂಟರ್ ಅಂಗಡಿಯಲ್ಲಿ ಒಬ್ಬ ಹೆಣ್ಣುಮಗಳು ನನ್ನ ಕೈಯಿಂದ ಅರ ಕಿತ್ತುಕೊಂಡಳು. ಯಾಕಿರಬಹುದು, ಊಹಿಸಿ ನೋಡೋಣ?

ರಿಟೈರಾದ ಮೇಲೆ ನನಗೆ ಕಾರ್ ರೇಸ್ ಆಡುವ ಹುಚ್ಚು ಹತ್ತಿತು. ಗೇಮಿಂಗ್ ಕಂಪ್ಯೂಟರನ್ನು ನಾನೇ ಜೋಡಿಸುತ್ತೇನೆ ಅಂತ ಹೆಂಡತಿಯ ಮುಂದೆ ಜಂಭ ಕೊಚ್ಚಿದೆ. ಕಾರ್ಖಾನೆಯ ಟೂಲ್‌ರೂಮಿನಲ್ಲಿ ಕೂದಲು ನರೆಸಿಕೊಂಡವನಿಗೆ ಇದೇನು ಮಹಾ! ಗೆಳೆಯನೊಬ್ಬ ಕೊಟ್ಟ ಹಳೇ ಪ್ರೊಸೆಸರ್ ಕೈಯಲ್ಲಿತ್ತು. ಅಂಗಡಿಯಲ್ಲಿ ಚೆಂದದ ಮದರ್‌ಬೋರ್ಡ್ ಆರಿಸಿ, ವರ್ನಿಯರ್ ಹಿಡಿದು ಅಳೆದೆ. ಅಳತೆ ಪಕ್ಕಾ. ಆದರೆ ಅಂಚಿನ ಕಚ್ಚು ಒಂಚೂರು ಆಚೆಗಿದ್ದು, ಪ್ರೊಸೆಸರ್ ಕೂರಲೊಲ್ಲದು.

"ಒಂದ್ ಮಿಲ್ಲಿ ಉಜ್ಜಿದ್ರೆ ಕೂತ್ಕೊತದೆ ಬಿಡಮ್ಮ" ಅಂತ ಜೇಬಿನಿಂದ ಅರ ತೆಗೆದೆ.

"ಅಯ್ಯೋ, ವೇಂಡಾ ತಾತಾ, ಬೇಡ!" ಅಂಗಡಿಯಾಕೆ ಹಾರಿ ಬಂದಳು. "ಅಳತೆ ಒಂದೇ ಆದ್ರೆ ಸಾಕಾ? ಇದು ಹಳೇ ತಲೆಮಾರಿಂದು, ಬೋರ್ಡು ಹೊಸದು. ಜಾತಕಾನೇ ಕೂಡಲ್ಲ. ಉಜ್ಜಿದ್ರೆ ಎರಡೂ ಸತ್ತೋಗ್ತವೆ."

"ಹಂಗಾರೆ ಮನೇಲಿ ನನ್ ಮಾನ?"

"ಇದಕ್ಕೆ ಹೊಂದೋ ಬೋರ್ಡ್ ಕೊಡ್ತೀನಿ. ಅರ ಮಾತ್ರ ನನ್ನತ್ರ ಇರ್ಲಿ."

ಅವಳು ಕೊಟ್ಟ ಬೋರ್ಡಿನಲ್ಲಿ ಪ್ರೊಸೆಸರ್ ಅಳಿಯನ ಹಾಗೆ ಜಮಾಯಿಸಿ ಕೂತಿತು. ಮಾನ ಉಳಿಯಿತು. ಈಗ ದಿನಾ ಕಾರನ್ನು ಗೋಡೆಗೆ ಗುದ್ದುತ್ತಾ ಪರಮಾನಂದದಲ್ಲಿದ್ದೇನೆ.

ಕುಂಕುಮ ಹಚ್ಚಿ ದೇವರ ಮುಂದಿಟ್ಟ ಅರವನ್ನು ಹೆಂಡತಿಗೆ ಕಾಣದಂತೆ ಎತ್ತಿಕೊಂಡು ಹೋಗಿದ್ದೆ, ಹೇಳಬಾರದು. ಅವತ್ತು ಆಯುಧಪೂಜೆ.