ಎಂಬತ್ತು ಅಂಕದ ಆರೋಗ್ಯ

ದಪ್ಪಗಿರುವವರಿಗೆ ಬುದ್ಧಿ ಹೇಳಲು ಹಳಿಯಾಳದಲ್ಲಿ ಯಾರ ಪರವಾನಗಿಯೂ ಬೇಕಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಪಕ್ಕಕ್ಕೆ ಕೂತವಳು ಬಿಸಿನೀರು ಕುಡಿ ಅನ್ನುತ್ತಾಳೆ, ಕಾಯಿಪಲ್ಲೆ ಮಾರುವವಳು ಅನ್ನ ಬಿಡು ಅನ್ನುತ್ತಾಳೆ. ನಿನಗೇನು ತ್ರಾಸಾಗುತ್ತದೆ ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ಹಾಗಾಗಿ ಹೋದ ವರ್ಷ ಆರೋಗ್ಯದ ಸರ್ವೆಯ ಹುಡುಗಿಯೊಬ್ಬಳು ಟ್ಯಾಬ್ ಹಿಡಿದು ಬಾಗಿಲಿಗೆ ಬಂದು, "ಮೈ ಭಾರ ಇದ್ದವರ ಬಾಳ್ವೆ ಹೆಂಗ ನಡದೈತಿ ಅಂತ ಕೇಳಾಕ ಬಂದೇನ್ರಿ ಅಕ್ಕಾರ" ಎಂದಾಗ ನನಗೆ ಆಕೆಯನ್ನು ಅಪ್ಪಿಕೊಳ್ಳುವಷ್ಟು ಖುಷಿಯಾಯಿತು. ಈ ಉತ್ತರಗಳನ್ನು ನೋಡಿಯೇ ಯಾವ ತಾಲೂಕಿಗೆ ವಾರಕ್ಕೊಮ್ಮೆ ತೂಕ, ಮೊಣಕಾಲು ನೋಡುವ ಡಾಕ್ಟರನ್ನು ಕಳಿಸಬೇಕೆಂದು ಮೇಲಿನವರು ತೀರ್ಮಾನಿಸುತ್ತಾರಂತೆ. ಆ ಡಾಕ್ಟರು ನನಗೆ ಬೇಕಾಗಿತ್ತು. ಧಾರವಾಡದ ಬಸ್ಸು ಹತ್ತುವಾಗ ಹಿಂದೆ ನಿಂತವರು ಉಸ್ಸೆನ್ನುವುದನ್ನು ಕೇಳಿ ಕೇಳಿ ನಾನು ಅಲ್ಲಿಯ ಆಸ್ಪತ್ರೆಗೆ ಹೋಗುವುದನ್ನೇ ಬಿಟ್ಟಿದ್ದೆ.

ಆದರೆ ನಮ್ಮ ಓಣಿಯಲ್ಲಿ ಒಬ್ಬರನ್ನು ಕೇಳಿದ ಪ್ರಶ್ನೆಗೆ ಒಬ್ಬರೇ ಉತ್ತರ ಕೊಟ್ಟ ದಾಖಲೆ ಇಲ್ಲ. ಹುಡುಗಿ ಚಹಾದ ಕಪ್ಪು ಎತ್ತುವಷ್ಟರಲ್ಲಿ ಅಕ್ಕಪಕ್ಕದ ಹೆಂಗಸರು ಬಂದು ಕೂತಿದ್ದರು. ಅವರ ನಡುವೆ ನಮ್ಮ ಅತ್ತೆ.

"ಅಡ್ಡಾಡಾಕ ತ್ರಾಸ ಐತೇನ್ರಿ?"

ನಾನು ಬಾಯಿ ತೆಗೆಯುವ ಮೊದಲೇ ಅತ್ತೆ, "ಆಕಿಗೇನಾಗೇತಿ? ಗುಂಡಕಲ್ಲ ಇದ್ದಂಗ ಅದಾಳ" ಎಂದರು. ಸೊಸೆ ಮೈ ತುಂಬಿಕೊಂಡಿದ್ದರೆ ಅದು ಅತ್ತೆ ಮನೆಯ ಹೆಗ್ಗಳಿಕೆ. ಆ ಮೈಗೇ ನೋವು ಅಂದರೆ ಮನೆಯ ಮರ್ಯಾದೆ ಏನಾಗಬೇಕು?

"ದಿನದ ಕೆಲಸ ಮಾಡಾಕ?"

"ಚಿಗಳ್ಳಿ ಬೀಗರ ಲಗ್ನದಾಗ ಎಲ್ಲಾ ಪಂಕ್ತಿಗೂ ಈಕೀನ ಬಡಿಸ್ಯಾಳ ತಂಗಿ. ಒಮ್ಮೆರ ಕುಂತಿಲ್ಲ!" ಇದಕ್ಕೂ ಅತ್ತೆಯದೇ ಉತ್ತರ.

ಹೆಂಗಸರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ನನಗೆ ರೇಗತೊಡಗಿತು.

ಕಡೆಗೆ ಹುಡುಗಿ, ಸೊನ್ನೆಯಿಂದ ನೂರರೊಳಗೆ ನನ್ನ ಆರೋಗ್ಯಕ್ಕೆ ನಾನೇ ಅಂಕ ಕೊಡಬೇಕು ಎಂದಳು. ನಲವತ್ತು ಎಂದೆ.

"ನಲವತ್ತ? ನಾವೇನ ಸೊಸಿನ್ನ ಉಪಾಸ ಕೆಡವೇವೇನು?" ಅತ್ತೆ ಸಿಡಿದರು. ಪಕ್ಕದ ಮನೆಯಾಕೆ ತೊಂಬತ್ತು ಎಂದಳು. ಇನ್ನೊಬ್ಬಳು ಅಷ್ಟು ಬೇಡ, ಎಪ್ಪತ್ತು ಸಾಕು ಎಂದಳು. ಸಂತೆಯ ಬದನೆಕಾಯಿಗೆ ಚೌಕಾಸಿ ಮಾಡಿದಂತೆ ಮಾಡಿ, ನನ್ನ ಆರೋಗ್ಯವನ್ನು ಅವರವರೇ ಎಂಬತ್ತಕ್ಕೆ ಮುಗಿಸಿದರು. ಹುಡುಗಿಯ ಬೆರಳು ಟ್ಯಾಬಿನ ಮೇಲೆ ಒತ್ತಿದ್ದು ನನಗೆ ಕಂಡಿತು.

"ಸಾಕ ಮಾಡ್ರಿ ಎಲ್ಲಾರೂ!" ನಾನು ಕೂಗಿಯೇಬಿಟ್ಟೆ. "ನಾ ಬಡಸೂದ್ಯಾಕ ಗೊತ್ತೈತೇನು? ನೆಲಕ್ಕ ಕುಂತ್ರ ನನಗ ಏಳಾಕ ಬರೂದಿಲ್ಲ. ಅಷ್ಟ ಮಂದಿ ಮುಂದ ಯಾರರ ಕೈ ಹಿಡದ ಎಬ್ಬಿಸಬೇಕು. ಅದಕ್ಕ ಸೌಟ ಹಿಡಕೊಂಡ ನಿಂದರ್ತೇನಿ. ಎಲ್ಲಾರ ಜೋಡಿ ಕುಂತ ಉಂಡು ಎಷ್ಟ ವರ್ಷ ಆತೋ!"

ಹುಡುಗಿ ಟ್ಯಾಬಿನ ಪರದೆಯನ್ನು ಕೆಳಗೆ ಮೇಲೆ ಸರಿಸಿ ನೋಡಿದಳು.

"ಪಂಕ್ತ್ಯಾಗ ಕುಂದ್ರೂದರ ಬಗ್ಗೆ ಇದರಾಗ ಪ್ರಶ್ನೆ ಇಲ್ರಿ ಅಕ್ಕಾರ. ಮತ್ತ... ಎಂಬತ್ತಂತ ಒತ್ತಿಬಿಟ್ಟೇನಿ. ತಿದ್ದಾಕ ಬರೂದಿಲ್ಲ."

ಅತ್ತೆ ಈಗ ಆಕೆಯ ಮೇಲೆಯೇ ಏರಿ ಹೋದರು. ತಿದ್ದಲು ಬಾರದ ಡಬ್ಬಿಯನ್ನು ಯಾಕೆ ಹೊತ್ತು ತಿರುಗುತ್ತೀ, ನಲವತ್ತು ಅಂದಳಲ್ಲ, ನಲವತ್ತೇ ಬರಿ ಎಂದು ಗದರಿದರು. ಹುಡುಗಿ ಚಹಾ ಅರ್ಧಕ್ಕೇ ಬಿಟ್ಟು ಮುಂದಿನ ಮನೆಗೆ ಹೋದಳು. ಎಂಬತ್ತು ಅಂಕ ಬಂದವರ ಊರಿಗೆ ಡಾಕ್ಟರನ್ನು ಯಾರು ಕಳಿಸುತ್ತಾರೆ? ಇವತ್ತಿಗೂ ಕಳಿಸಿಲ್ಲ.

ಓಣಿಯವರು ಎದ್ದು ಹೋದ ಮೇಲೆ ಅತ್ತೆ ಕಪ್ಪು ಎತ್ತಿಡುತ್ತ, ನನ್ನ ಕಡೆ ನೋಡದೆ, "ಇಷ್ಟ ವರ್ಷ ನನ್ನ ಮುಂದ ಒಂದ ಮಾತ ಆಡ್ಲಿಲ್ಲ. ಇವತ್ತ ಪರ ಊರ ಹುಡುಗಿ ಮುಂದ ಹೇಳಿದೆಲ್ಲ" ಎಂದರು.

"ಆಕಿ ಆಗಲೇ ಒತ್ತಿಬಿಟ್ಟಿದ್ಲರಿ ಅತ್ತಿ," ಎಂದೆ. "ನಾ ಹೇಳಿದ್ದು ನಿಮಗ."